ಹೊಳೆಯ ಕೆಲಸಕ್ಕೆ ಮಾತ್ರ

ಶಾರ್ಕಾನ್ ಹೊಳೆಯ ದಂಡೆಗೆ ಬಂದಾಗ ಅಲ್ಲಿ ಹಿಟಾಚಿ ಇರಲಿಲ್ಲ. ಅದರ ಚೈನು ತುಳಿದ ಗುರುತು ಮಾತ್ರ ಹಸಿ ಮಣ್ಣಿನಲ್ಲಿ ಉಳಿದಿತ್ತು. ಆ ಗುರುತು ಸೇತುವೆಯ ಪಕ್ಕದಲ್ಲೇ ಮೇಲೆ ಹತ್ತಿ, ಡಾಂಬರು ರಸ್ತೆ ದಾಟಿ, ನೇರ ಗುಡ್ಡದ ಕಡೆಗೆ ಹೋಗಿತ್ತು. ಅದನ್ನು ಹಿಡಿದುಕೊಂಡು ಹುಡುಕಿ ಹೋಗುವ ಅಗತ್ಯವೇನೂ ಇರಲಿಲ್ಲ. ತಲೆಯೆತ್ತಿದರೆ ಸಾಕು, ಆ ಹಳದಿ ಯಂತ್ರ ಗುಡ್ಡದ ಮೈಮೇಲೆ ನಿಂತು ಊರಿಗೆಲ್ಲ ಕಾಣುವಂತೆ ಕೈ ಎತ್ತಿ ಇಳಿಸುತ್ತಿತ್ತು. ಗುತ್ತಿಗೆದಾರ ಜೂಮಕದಿರ್ ಅಲ್ಲಿ ತನ್ನ ಮನೆಯ ಪಕ್ಕದಲ್ಲೇ, ಇಸ್ಸಿಕ್-ಕುಲ್ ಸರೋವರ ನೋಡಲು ಬರುವ ಪ್ರವಾಸಿಗರಿಗೆಂದು ವಸತಿಗೃಹ ಕಟ್ಟಿಸುತ್ತಿದ್ದ. ಅದರ ಮುಂದೆ ಅವನಿಗೊಂದು ಮೀನಿನ ಕೊಳ ಬೇಕಾಗಿತ್ತು.

ಶಾರ್ಕಾನ್ ಸಾರಿ-ಜಾರ್ ಊರಿನ ಮುಖ್ಯಸ್ಥೆ. ಐವತ್ತು ದಾಟಿದ, ಮಾತು ಕಡಿಮೆಯಾದ ಹೆಂಗಸು. ಮೊದಲು ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದಳು. ಹಿಂದೊಮ್ಮೆ ಬೆಟ್ಟದಿಂದ ಸೆಲ್ ಎಂಬ ಕೆಸರಿನ ಪ್ರವಾಹ ಇಳಿದು ಕೆಳಗಿನ ಬೀದಿಯನ್ನು ತುಳಿದುಕೊಂಡು ಹೋದಾಗ, ಊರಿನವರು ಹಳೆಯ ಮುಖ್ಯಸ್ಥನನ್ನು ಇಳಿಸಿ ಇವಳನ್ನು ಕೂರಿಸಿದ್ದರು. ಮೇ ತಿಂಗಳಲ್ಲಿ ಈ ದಂಡೆಯವರು ತಮ್ಮ ನೆತ್ತಿಯ ಮೇಲಿನ ಆಕಾಶವನ್ನು ನಂಬುವುದಿಲ್ಲ, ಬೆಟ್ಟವನ್ನು ನೋಡುತ್ತಾರೆ. ಊರಿನಲ್ಲಿ ಬಿಸಿಲು ಸುರಿಯುತ್ತಿದ್ದರೂ, ಅಲ್ಲಿ ಮೇಲೆ ಹಿಮದ ಮೇಲೆ ಮಳೆ ಬಿದ್ದರೆ ಆಯಿತು. ಕೆಸರು, ಬಂಡೆ, ಬುಡಮೇಲಾದ ಮರ ಎಲ್ಲವನ್ನೂ ಕಲಸಿಕೊಂಡು ಸೆಲ್ ಇಳಿಯುತ್ತದೆ. ಹೊಳೆಯ ಒಡಲಲ್ಲಿ ದಾರಿ ಇದ್ದರೆ ಸರೋವರಕ್ಕೆ ಹೋಗಿ ಬೀಳುತ್ತದೆ, ಇಲ್ಲದಿದ್ದರೆ ಮನೆಗಳೊಳಗೆ ನುಗ್ಗುತ್ತದೆ.

ಹೊಳೆಯ ಒಡಲಿನ ಬಂಡೆ ತೆಗೆಸಿ, ಎರಡೂ ದಂಡೆಗೆ ತಂತಿ ಜಾಲರಿಯಲ್ಲಿ ಕಲ್ಲು ತುಂಬಿದ ಗೋಡೆ ಕಟ್ಟಿಸಲು ಸರ್ಕಾರ ಒಪ್ಪಿದ್ದು ಶಾರ್ಕಾನ್ ಓಡಾಡಿದ್ದರಿಂದ. ಹಿಟಾಚಿಯನ್ನೂ ಒಂದು ಟ್ಯಾಂಕು ಡೀಸೆಲನ್ನೂ ಸರ್ಕಾರವೇ ಕೊಟ್ಟಿತ್ತು. ಆದರೆ ಅವಳು ಅಷ್ಟಕ್ಕೇ ಸುಮ್ಮನಾಗಿರಲಿಲ್ಲ. ಹಳೆಯ ಮುಖ್ಯಸ್ಥನ ಕಾಲದಲ್ಲಿ ಶಾಲೆಯ ಮಾಡಿಗೆಂದು ಬಂದ ತಗಡು ಆಗಿನ ಗುತ್ತಿಗೆದಾರನ ಕುರಿದೊಡ್ಡಿಯ ಮೇಲೆ ಕೂತದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಆ ಚಳಿಗಾಲವಿಡೀ ಮಕ್ಕಳು ಕೋಟು ಹಾಕಿಕೊಂಡೇ ಪಾಠ ಕೇಳಿದ್ದರು. ಅದಕ್ಕೇ ಈ ಸಲ ಕರಾರಿನಲ್ಲಿ ಒಂದು ಮಾತು ಸೇರಿಸಬೇಕೆಂದು ಜಿಲ್ಲಾ ಕಚೇರಿಯಲ್ಲಿ ಹಟ ಹಿಡಿದು ಕೂತಳು. ಸರ್ಕಾರದ ಯಂತ್ರ, ಡೀಸೆಲು, ಸಾಮಾನು ಹೊಳೆಯ ಕೆಲಸಕ್ಕೆ ಮಾತ್ರ. ಬೇರೆಡೆ ಒಯ್ದರೆ ಮುಂದಿನ ಬಿಲ್ಲು ನಿಲ್ಲುತ್ತದೆ, ಗುತ್ತಿಗೆಯೂ ಹೋಗುತ್ತದೆ. ಇಷ್ಟು ಬಿಗಿ ಮಾಡಿದರೆ ಯಾರಮ್ಮ ಟೆಂಡರ್ ಹಾಕುತ್ತಾರೆ ಎಂದು ಅಲ್ಲಿನ ಉಪಮುಖ್ಯಸ್ಥ ನಕ್ಕಿದ್ದ. ಅವಳು ಕುರ್ಚಿ ಬಿಟ್ಟು ಏಳದ್ದನ್ನು ಕಂಡು ಕೊನೆಗೆ ಬರೆಸಿಕೊಟ್ಟ.

ಟೆಂಡರ್ ತೆರೆದಾಗ ಸಿಕ್ಕಿದ್ದು ಜೂಮಕದಿರ್‌ಗೆ. ಅವನು ಅವಳ ಬೀಗ. ಹೋದ ಶರತ್ಕಾಲದಲ್ಲಷ್ಟೇ ಅವಳ ಒಬ್ಬಳೇ ಮಗಳು ಬೆಗಾಯಿಮ್ ಅವನ ಮಗ ಮಾರ್ಲೆನ್‌ನ ಕೈಹಿಡಿದು ಗುಡ್ಡದ ಮೇಲಿನ ಆ ಮನೆ ಸೇರಿದ್ದಳು. ಈ ಕೆಲಸದ ಉಸ್ತುವಾರಿ ಬೇರೆಯವರಿಗೆ ಕೊಡಿ ಎಂದು ಶಾರ್ಕಾನ್ ಕೇಳಿಕೊಂಡಳು. ಈ ಜಿಲ್ಲೆಯಲ್ಲಿ ಒಬ್ಬರಿಗೊಬ್ಬರು ನೆಂಟರಲ್ಲದವರನ್ನು ಎಲ್ಲಿಂದ ತರೋಣ ಎಂದು ಉಪಮುಖ್ಯಸ್ಥ ಕೈ ಚೆಲ್ಲಿದ.

ಹೊಳೆಯಲ್ಲಿ ಯಂತ್ರ ಕಾಣದ ಆ ದಿನ ಅವಳು ಗುಡ್ಡ ಹತ್ತಿ ಹೋದಳು. ಜೂಮಕದಿರ್ ಅಂಗಳಕ್ಕೇ ಬಂದು ಎದುರುಗೊಂಡ. ದೊಡ್ಡ ಮೈಯ, ನಗುಮುಖದ ಮನುಷ್ಯ. ಯಾರನ್ನಾದರೂ ಎರಡು ಮಾತಿನಲ್ಲಿ ಒಲಿಸಿಕೊಳ್ಳಬಲ್ಲವನು.

"ಬನ್ನಿ ಬೀಗಿತ್ತಿ, ಬನ್ನಿ. ನೀವು ಗುಡ್ಡ ಹತ್ತಿ ಬಂದ್ರಿ ಅಂದ್ರೆ ಒಂದೋ ಮಗಳನ್ನ ನೋಡೋ ಆಸೆ, ಇಲ್ಲಾ ನನ್ನ ಕಿವಿ ಹಿಂಡೋ ಆಸೆ."

"ಎರಡೂ," ಎಂದಳು ಶಾರ್ಕಾನ್.

"ಹಾಗಾದ್ರೆ ಮೊದ್ಲು ಚಹಾ ಆಗ್ಲಿ. ನನ್ನ ಕಿವಿ ಎಲ್ಲಿಗೂ ಓಡಿಹೋಗಲ್ಲ."

ಅವಳನ್ನು ಒಳಗೆ ಕರೆದೊಯ್ದು, ಬಾಗಿಲಿಗೆ ಎದುರಾಗಿರುವ ಗೌರವದ ಜಾಗದಲ್ಲಿ ಕೌದಿಯ ಮೇಲೆ ಕೂರಿಸಿದರು. ಅವನ ಹೆಂಡತಿ ಉರ್ಕಿಯಾ ಕೆನೆಯನ್ನೂ ಏಪ್ರಿಕಾಟ್ ಮುರಬ್ಬವನ್ನೂ ತಂದಿಟ್ಟಳು. ಎಣ್ಣೆಯಲ್ಲಿ ಕರಿದ ರೊಟ್ಟಿತುಂಡುಗಳನ್ನು ಹಾಸಿನ ತುಂಬ ಸುರಿದಳು. ಬೆಗಾಯಿಮ್ ತಲೆವಸ್ತ್ರ ಸರಿಮಾಡಿಕೊಂಡು, ಬಗ್ಗಿ ನಮಸ್ಕರಿಸಿ, ಬಟ್ಟಲಿಗೆ ಚಹಾ ಬಗ್ಗಿಸುತ್ತ ಕೂತಳು. ತಾಯಿಯ ಮುಖವನ್ನು ಒಮ್ಮೆ ಮಾತ್ರ ನೋಡಿದಳು. ಅವಳಿಗೆ ವಿಷಯ ಗೊತ್ತಿದೆ ಎಂದು ಶಾರ್ಕಾನ್‌ಗೆ ಅಷ್ಟರಲ್ಲೇ ತಿಳಿಯಿತು.

ಜೂಮಕದಿರ್ ಏನನ್ನೂ ಮುಚ್ಚಿಡಲಿಲ್ಲ. ಬಿಷ್ಕೆಕ್‌ನಿಂದ ತಂತಿ ಜಾಲರಿ ಬಂದಿಲ್ಲ, ಗೋಡೆಯ ಕೆಲಸ ನಿಂತಿದೆ ಎಂದ.

"ಯಂತ್ರ ಸುಮ್ನೆ ಬಿಸಿಲು ಕಾಯ್ಕೊಂಡು ನಿಂತಿರೋ ಬದ್ಲು ನಂದೊಂದು ಗುಂಡಿ ತೋಡಿದ್ರೆ ಸರ್ಕಾರದ ಗಂಟೇನು ಹೋಯ್ತು ಹೇಳಿ?"

"ಹೊಳೇಲಿರೋ ಬಂಡೆ ತೆಗೆಯೋಕೆ ಜಾಲರಿ ಬೇಕಿಲ್ಲ ಬೀಗರೇ. ಸೇತುವೆ ಹತ್ರ ಬಾಯಿ ಕಟ್ಟಿಕೊಂಡಿದೆ. ಕರಾರಲ್ಲಿ ಏನಿದೆ ಅಂತ ನಿಮಗೆ ಗೊತ್ತು."

"ಗೊತ್ತಿಲ್ದೆ ಏನು, ನೀವೇ ಬರೆಸಿದ್ದಲ್ವಾ. ನಾಳೆ ನಮ್ಮಿಬ್ಬರ ಮೊಮ್ಮಕ್ಕಳು ಮೀನು ಹಿಡಿಯೋ ಕೊಳ ಇದು. ಅದಕ್ಕೂ ಅಡ್ಡ ಬರ್ತೀರಾ?" ಎಂದು ನಕ್ಕು, ನಾಳೆಯೇ ಇಳಿಸುತ್ತೇನೆ ಎಂದು ಮಾತು ಕೊಟ್ಟ.

ಮರುದಿನ ಯಂತ್ರ ಇಳಿಯಲಿಲ್ಲ. ಅದರ ಮರುದಿನವೂ ಇಳಿಯಲಿಲ್ಲ. ಬೆಳಗ್ಗೆ ಅವನ ಟ್ರ್ಯಾಕ್ಟರು ಊರ ಕಚೇರಿಯ ಅಂಗಳಕ್ಕೆ ಬಂದು, ಅಲ್ಲಿಟ್ಟಿದ್ದ ಸರ್ಕಾರದ ಟ್ಯಾಂಕಿನಿಂದ ಡೀಸೆಲ್ ತುಂಬಿಕೊಂಡು ಗುಡ್ಡಕ್ಕೆ ಹೋಗುತ್ತಿತ್ತು. ಕೆಳಗಿನ ಬೀದಿಯ ಹೆಂಗಸರು ಹಾಲು ಕೊಡಲು ಹೋಗುವಾಗ, ಕಚೇರಿಯ ಕಿಟಕಿಯತ್ತ ನೋಡಿ, ಶಾರ್ಕಾನ್ ಕೇಳುವಷ್ಟು ಗಟ್ಟಿಯಾಗಿಯೇ ಮಾತಾಡಿಕೊಳ್ಳತೊಡಗಿದರು. ಹಿಂದಿನವನು ಹಣ ತಿಂದ, ಇವಳು ನೆಂಟಸ್ತಿಕೆ ತಿನ್ನುತ್ತಿದ್ದಾಳೆ ಎಂಬಂಥ ಮಾತು. ಅವಳು ಜಿಲ್ಲಾ ಕಚೇರಿಗೆ ಬರೆದಳು, ಫೋನ್ ಮಾಡಿದಳು. ನೋಡುತ್ತೇವೆ ಎಂದರು. ಕೊನೆಗೆ ಅಂಗಡಿಯಿಂದ ಹೊಸ ಬೀಗವೊಂದನ್ನು ತಂದು, ಎಲ್ಲರ ಎದುರಿಗೆ ಡೀಸೆಲ್ ಟ್ಯಾಂಕಿಗೆ ಜಡಿದು, ಕೀಲಿಯನ್ನು ಕುತ್ತಿಗೆಯ ದಾರಕ್ಕೆ ಕಟ್ಟಿಕೊಂಡಳು. ಯಂತ್ರ ಹೊಳೆಗೆ ಬಂದ ದಿನ ಡೀಸೆಲ್ ಕೊಡುತ್ತೇನೆ, ಅಲ್ಲಿಯವರೆಗೆ ಒಂದು ತೊಟ್ಟೂ ಇಲ್ಲ ಎಂದು ಟ್ರ್ಯಾಕ್ಟರಿನವನಿಗೆ ಹೇಳಿ ಕಳಿಸಿದಳು.

ಊರಿನ ಬಾಯಿಗೆ ಅಷ್ಟು ಸಾಕಾಯಿತು. ಬೀಗರಿಗೇ ಬೀಗ ಹಾಕಿದಳಂತೆ ಎಂದು ಸಂತೆಯವರೆಗೂ ಮಾತು ಹೋಯಿತು.

ಅಂದು ಸಂಜೆ ಜೂಮಕದಿರ್ ಬಂದ. ಗೇಟಿನ ಹೊರಗೇ ಕಾರು ನಿಲ್ಲಿಸಿದ. ಶಾರ್ಕಾನ್‌ಳ ಗಂಡ ಕೆನೆಶ್ ಕುದುರೆಗಳಿಗೆ ಹುಲ್ಲು ಹಾಕುತ್ತಿದ್ದವನು ಓಡಿಬಂದು ಎಷ್ಟು ಕರೆದರೂ ಒಳಗೆ ಬರಲಿಲ್ಲ. ಬೀಗನಾದವನು ಹೊಸಿಲು ತುಳಿಯದೆ ಬೀದಿಯಲ್ಲಿ ನಿಂತು ಮಾತಾಡಿದ್ದನ್ನು ಅಕ್ಕಪಕ್ಕದ ಮನೆಯವರೆಲ್ಲ ನೋಡಿದರು. ಅವನ ಮುಖದಲ್ಲಿ ಈಗ ನಗುವಿರಲಿಲ್ಲ, ಆದರೆ ದನಿ ಏರಿಸಲೂ ಇಲ್ಲ.

"ನಾಲ್ಕು ಜನರ ಮುಂದೆ ನನ್ನ ಕಳ್ಳನ ಹಾಗೆ ಮಾಡಿಬಿಟ್ರಿ ಬೀಗಿತ್ತಿ."

"ಬೀಗ ಡೀಸೆಲ್‌ಗೆ ಹಾಕಿದ್ದು. ಯಂತ್ರ ಇಳಿಸಿ, ಈಗಲೇ ತೆಗೀತೀನಿ."

"ನೀವು ಹೇಳ್ದಾಗ ಇಳಿಸೋಕೆ ನಾನೇನು ನಿಮ್ಮ ಮನೆ ಆಳಲ್ಲ." ಕಾರಿನ ಬಾಗಿಲು ತೆಗೆದು, ಒಂದು ಕಾಲು ಒಳಗಿಟ್ಟು, ನಿಂತು ತಿರುಗಿದ. "ನಿಮ್ಮ ಮಗಳು ನಮ್ಮನೇಲಿದ್ದಾಳೆ. ಇವತ್ತಿನವರೆಗೂ ಅವಳ ಕಣ್ಣಲ್ಲಿ ಒಂದು ಹನಿ ನೀರು ನಾವು ನೋಡಿಲ್ಲ. ಅಷ್ಟು ನೆನಪಿಟ್ಕೊಳಿ."

ಕಾರು ಹೋದ ಮೇಲೂ ಶಾರ್ಕಾನ್ ಗೇಟು ಹಿಡಿದು ನಿಂತೇ ಇದ್ದಳು. ಆ ಮಾತಿನಲ್ಲಿ ಬೈಗುಳವಿರಲಿಲ್ಲ, ಬೆದರಿಕೆ ಎಂದು ಬೆರಳು ಮಾಡಿ ತೋರಿಸುವಂಥದ್ದೂ ಇರಲಿಲ್ಲ. ಆದರೂ ಅವಳ ಯೋಚನೆ ಗುಡ್ಡದ ಮೇಲಿನ ಆ ಮನೆಯ ಕಡೆಗೇ ಹೋಯಿತು. ಅಳಿಯ ಮಾರ್ಲೆನ್ ಲಾರಿ ಹೊಡೆಯುತ್ತ ತಿಂಗಳಿಗೊಮ್ಮೆ ರಷ್ಯಾದಿಂದ ಬರುವವನು. ಮಗಳು ಆ ಮನೆಯಲ್ಲಿ ಅತ್ತೆ ಮಾವನ ಜೊತೆ ಒಬ್ಬಳೇ. ಕೆನೆಶ್ ಅವಳನ್ನು ಬೈಯಲಿಲ್ಲ. ನೀನು ಮಾಡಿದ್ದು ಸರಿಯೇ, ಆದರೆ ಸರಿಯಾಗಿರುವುದನ್ನು ಕಟ್ಟಿಕೊಂಡು ನಾಳೆ ಆ ಮನೆಯ ಹಬ್ಬದೂಟಕ್ಕೆ ಹೇಗೆ ಹೋಗುತ್ತೀಯೆ ಎಂದು ಕೇಳಿ, ಕುದುರೆಗಳ ಹತ್ತಿರ ಹೋದ. ಬೆಳಗ್ಗೆ ಉಪಮುಖ್ಯಸ್ಥನ ಫೋನು ಬಂತು. ಹಗ್ಗ ಜಗ್ಗಬೇಡಿ, ಬೀಗ ತೆಗೆಯಿರಿ, ನೀವು ನೀವು ಒಂದೇ ಮನೆಯವರು ಎಂದ. ಹಾಗಂತ ಬರೆದು ಕಳಿಸಿ, ತೆಗೆಯುತ್ತೇನೆ ಎಂದಳು ಅವಳು. ಅವನು ಬರೆಯಲಿಲ್ಲ.

ಅಂದೇ ಮಧ್ಯಾಹ್ನದ ಹೊತ್ತಿಗೆ ಗುಡ್ಡದ ಮೇಲಿನ ಯಂತ್ರ ಎತ್ತಿದ ಕೈಯನ್ನು ಹಾಗೇ ಎತ್ತಿಕೊಂಡು ನಿಂತುಬಿಟ್ಟಿತು. ಡೀಸೆಲ್ ಮುಗಿದಿತ್ತು. ಜೂಮಕದಿರ್ ಬೇರೆ ಕಡೆಯಿಂದ ಡೀಸೆಲ್ ತರಿಸಬಹುದಿತ್ತು; ಹಟಕ್ಕೆ ಬಿದ್ದು ತರಿಸಲಿಲ್ಲ. ಚಾಲಕನಿಂದ ಯಂತ್ರದ ಕೀಲಿ ಇಸಿದುಕೊಂಡು ಮನೆಯೊಳಗಿಟ್ಟ. ಆ ಹೆಂಗಸು ಬೀಗ ತೆಗೆಯುವವರೆಗೂ ಅದು ಅಲ್ಲೇ ನಿಂತಿರಲಿ ಎಂದು ಹೇಳಿ, ಮೇಲಿನವರಿಂದಲೇ ಹುಕುಂ ತರುತ್ತೇನೆಂದು ಮರುದಿನ ಬೆಳಗ್ಗೆ ಕಾರಕೋಲ್ ಪಟ್ಟಣಕ್ಕೆ ಹೋದ.

ಅದೇ ಬೆಳಗ್ಗೆ ಬೆಟ್ಟದ ತುದಿ ಕಾಣಲಿಲ್ಲ. ಸರೋವರದ ಮೇಲೆ ಬಿಸಿಲು ಹೊಳೆಯುತ್ತಿತ್ತು, ತೋಟಗಳಲ್ಲಿ ಏಪ್ರಿಕಾಟಿನ ಹಸಿರು ಮಿಡಿಗಳ ಮೇಲೆ ಜೇನು ಹಾರುತ್ತಿತ್ತು. ಮೇಲೆ ಮಾತ್ರ ಸೀಸದ ಬಣ್ಣದ ಮೋಡ ಕವಿದುಕೊಂಡು, ಅಲುಗದೆ ಕೂತಿತ್ತು. ಮೇಲಿನ ಹುಲ್ಲುಗಾವಲಿನಿಂದ ಕುರಿಗಾಹಿಯೊಬ್ಬ ಫೋನ್ ಮಾಡಿ, ಬೆಳಕು ಹರಿದಾಗಿನಿಂದ ಹಿಮದ ಮೇಲೆ ಮಳೆ ಸುರಿಯುತ್ತಿದೆ, ಕಣಿವೆಯೊಳಗೆ ಕಲ್ಲು ಉರುಳುವ ಸದ್ದು ಕೇಳುತ್ತಿದೆ ಎಂದ. ಅವನ ಮಾತು ಮುಗಿಯುವ ಮೊದಲೇ ಫೋನ್ ಕಡಿದುಹೋಯಿತು.

ಶಾರ್ಕಾನ್ ಕಚೇರಿಯವರನ್ನೆಲ್ಲ ಕೆಳಗಿನ ಬೀದಿಗೆ ಓಡಿಸಿದಳು. ಮುದುಕರು, ಮಕ್ಕಳು, ದನಕರು ಎಲ್ಲ ಎತ್ತರದಲ್ಲಿರುವ ಶಾಲೆಯ ಅಂಗಳಕ್ಕೆ ಬರಬೇಕೆಂದು ಸಾರಿಸಿದಳು. ತಾನು ಸೇತುವೆಗೆ ಹೋದಳು. ಹೊಳೆ ಇನ್ನೂ ತೆಳ್ಳಗೆ, ತಿಳಿಯಾಗಿಯೇ ಹರಿಯುತ್ತಿತ್ತು. ಆದರೆ ಸೇತುವೆಯ ಬಾಯಲ್ಲಿ ಬಂಡೆಗಳು ಒಂದರ ಮೇಲೊಂದು ಕೂತು, ನೀರು ನುಸುಳಲಷ್ಟೇ ಸಂದು ಬಿಟ್ಟಿದ್ದವು. ಸೆಲ್ ಬಂದರೆ ಇಲ್ಲಿ ಮುಗ್ಗರಿಸಿ ಬಲಕ್ಕೆ ತಿರುಗುತ್ತದೆ. ಬಲಕ್ಕೆ ಇದ್ದದ್ದೇ ಕೆಳಗಿನ ಬೀದಿ.

ಈ ಬಂಡೆ ಎತ್ತಬಲ್ಲ ಯಂತ್ರ ಗುಡ್ಡದ ಮೇಲೆ ಸತ್ತು ನಿಂತಿತ್ತು. ಅದರ ಹೊಟ್ಟೆ ಒಣಗಿಸಿದವಳು ತಾನೇ. ಜೂಮಕದಿರ್ ಅದನ್ನು ಕದ್ದೊಯ್ದನೆಂದು ಅವಳು ಬೀಗ ಹಾಕಿದಳು, ಬೀಗ ಹಾಕಿದಳೆಂದು ಅವನು ಕೀಲಿ ಎತ್ತಿಟ್ಟ. ಇಬ್ಬರೂ ಸೇರಿ ಹೊಳೆಯನ್ನು ಹೀಗೆ ಬಾಯಿ ಕಟ್ಟಿಸಿ ಬಿಟ್ಟರಲ್ಲ ಎಂದು ಅವಳಿಗೆ ಅನಿಸಿತು. ನಿಂತು ಯೋಚಿಸುವ ಹೊತ್ತು ಅದಾಗಿರಲಿಲ್ಲ. ಕಚೇರಿಗೆ ಓಡಿಹೋಗಿ ತಾನೇ ಹಾಕಿದ ಬೀಗ ತೆಗೆದಳು. ಕೆನೆಶ್‌ನನ್ನು ಕರೆದು, ಕ್ಯಾನುಗಳಿಗೆ ಡೀಸೆಲ್ ತುಂಬಿಸಿ, ಅವನ ಹಳೆಯ ಜೀಪಿನಲ್ಲಿ ಅವನ ಜೊತೆ ಗುಡ್ಡ ಹತ್ತಿದಳು.

ಯಂತ್ರದ ನೆರಳಿನಲ್ಲಿ ಚಾಲಕ ತೊಲೊಗೊನ್ ಕೂತಿದ್ದ. ಮೀಸೆ ನರೆತ, ಯಾರ ಗೊಡವೆಗೂ ಹೋಗದ ಮನುಷ್ಯ. ಶಾರ್ಕಾನ್‌ಗಿಂತ ಒಂದೆರಡು ವರ್ಷ ಚಿಕ್ಕವನು. ಮೋಡವನ್ನು ಅವನೂ ನೋಡುತ್ತಲೇ ಇದ್ದ.

"ಇಳಿಸೋಕಾಗಲ್ಲ ಎಜೆ," ಎಂದ. ಊರಿನವರು ಹಿರಿಯಕ್ಕನನ್ನು ಕರೆಯುವುದೇ ಹಾಗೆ. "ಯಜಮಾನ್ರು ಹೇಳ್ದೆ ನಾನು ಮುಟ್ಟಲ್ಲ."

"ಇದು ಅವರದಲ್ಲ ತೊಲೊಗೊನ್. ಸರ್ಕಾರದ್ದು."

"ಯಂತ್ರ ಸರ್ಕಾರದ್ದು. ಸಂಬಳ ಅವರದು."

ಸಂಬಳ ಹೋದರೆ ನಾನು ಕೊಡಿಸುತ್ತೇನೆ ಎಂದು ಸುಳ್ಳು ಹೇಳಲು ಶಾರ್ಕಾನ್‌ಗೆ ಮನಸ್ಸು ಬರಲಿಲ್ಲ. ಅವಳು ಸುಮ್ಮನೆ ಕೆಳಗೆ ಕೈ ತೋರಿಸಿದಳು. ಅಲ್ಲಿಂದ ಊರೆಲ್ಲ ಕಾಣುತ್ತಿತ್ತು. ಕೆಳಗಿನ ಬೀದಿಯಲ್ಲಿ ಜನ ಹಾಸಿಗೆ ಹೊತ್ತು, ಕುರಿ ಅಟ್ಟಿಕೊಂಡು ಶಾಲೆಯ ಕಡೆ ಹೋಗುತ್ತಿದ್ದರು. ತೊಲೊಗೊನ್ ಸ್ವಲ್ಪ ಹೊತ್ತು ನೋಡಿದ. ಎದ್ದು ಬಂದು ಕೆನೆಶ್‌ನ ಕೈಯಿಂದ ಕ್ಯಾನು ತೆಗೆದುಕೊಂಡು ಯಂತ್ರದ ಟ್ಯಾಂಕಿಗೆ ಸುರಿಯತೊಡಗಿದ.

"ಕೀಲಿ ಮನೆಯೊಳಗಿದೆ," ಎಂದ, ತಲೆಯೆತ್ತದೆ. "ನೀವು ತಂದ್ರೆ ನಾನು ಹತ್ತೀನಿ."

ಮನೆಯ ಬಾಗಿಲಿಗೆ ಹೋಗುವಾಗ ಶಾರ್ಕಾನ್ ತನಗೆ ತಾನೇ ಒಂದು ಮಾತು ಹೇಳಿಕೊಂಡಳು. ಏನೇ ಆಗಲಿ, ಮಗಳನ್ನು ಕೇಳಕೂಡದು. ಅವಳು ಈ ಮನೆಯಲ್ಲಿ ಬಾಳಬೇಕಾದವಳು. ಕೇಳುವುದಿದ್ದರೆ ಉರ್ಕಿಯಾಳನ್ನೇ ಕೇಳಬೇಕು.

ಉರ್ಕಿಯಾ ಬಾಗಿಲಲ್ಲೇ ನಿಂತಿದ್ದಳು, ಎಲ್ಲವನ್ನೂ ನೋಡಿದ್ದಳು. ಶಾರ್ಕಾನ್ ಸುತ್ತಿ ಬಳಸದೆ ಕೀಲಿ ಕೇಳಿದಳು. ಉರ್ಕಿಯಾ ಇಲ್ಲ ಎನ್ನಲಿಲ್ಲ, ಕೊಡುತ್ತೇನೆಂದೂ ಹೇಳಲಿಲ್ಲ. ಸೆರಗಿನ ತುದಿಯ ಹಾಗೆ ತಲೆವಸ್ತ್ರದ ಅಂಚನ್ನು ಬೆರಳಿಗೆ ಸುತ್ತುತ್ತ, ಅವರಿಗೆ ಫೋನ್ ಮಾಡಿದೆ, ಹೋಗುತ್ತಿಲ್ಲ, ಬರಲಿ ಎಂದಳು.

"ಅವರು ಬರೋವರೆಗೂ ಬೆಟ್ಟ ಕಾಯಲ್ಲ ಬೀಗಿತ್ತಿ."

"ನೀವು ಹಾಕಿದ ಬೀಗ ನಾನು ಕೇಳಿದ್ರೆ ತೆಗೀತಿದ್ರಾ? ಇಲ್ಲ. ನಂದೂ ಅಷ್ಟೇ. ಗಂಡ ಇಟ್ಟುಹೋದದ್ದನ್ನ ತೆಗೆದುಕೊಟ್ಟು ನಾನು ಯಾವ ಮುಖ ಹೊತ್ಕೊಂಡು ಈ ಮನೇಲಿರ್ಲಿ?"

"ತಪ್ಪೆಲ್ಲ ನನ್ನ ಮೇಲೆ ಹಾಕಿ. ಕಿತ್ಕೊಂಡು ಹೋದ್ಳು ಅನ್ನಿ."

"ಹಾಗೆ ಹೇಳ್ಕೊಂಡು ಬದುಕೋದು ಇನ್ನೂ ಕಷ್ಟ."

ಬೆಟ್ಟದ ಕಡೆಯಿಂದ ತಣ್ಣನೆಯ ಗಾಳಿ ಬೀಸಿತು. ಅದರಲ್ಲಿ ಹಸಿಮಣ್ಣಿನ ವಾಸನೆಯಿತ್ತು. ಒಳಗಿನಿಂದ ಯಾರೋ "ಅಪಾ" ಎಂದರು. ಇಬ್ಬರು ಹೆಂಗಸರೂ ತಿರುಗಿದರು. ತಾಯಿಯನ್ನೂ ಅತ್ತೆಯನ್ನೂ ಬೆಗಾಯಿಮ್ ಅಪಾ ಎಂದೇ ಕರೆಯುತ್ತಿದ್ದಳು.

ಅವಳ ಕೈಯಲ್ಲಿ ಕೀಲಿ ಇತ್ತು. ಬೇಡ, ನೀನು ಬೇಡ ಎಂಬ ಮಾತು ಶಾರ್ಕಾನ್‌ಳ ಬಾಯಿಗೆ ಬಂದಿತ್ತು. ಆದರೆ ಬೆಗಾಯಿಮ್ ತಾಯಿಯ ಕಡೆ ಬರಲೇ ಇಲ್ಲ. ಅತ್ತೆಯ ಮುಂದೆ ಬಗ್ಗಿ, ಎರಡೂ ಕೈಯಿಂದ ಕೀಲಿಯನ್ನು ಅವಳ ಅಂಗೈಯಲ್ಲಿಟ್ಟಳು.

"ನೀವೇ ಕೊಡಿ ಅಪಾ," ಎಂದಳು. "ಕೊಟ್ರೆ ನೀವೇ ಕೊಡಬೇಕು. ಕೊಡದಿದ್ರೆ ನಾನು ಒಳಗೆ ಇಟ್ಟುಬರ್ತೀನಿ."

ಉರ್ಕಿಯಾ ಅಂಗೈಯನ್ನೇ ನೋಡುತ್ತ ನಿಂತಳು. ಕೆಳಗೆ ಊರಿನಲ್ಲಿ ನಾಯಿಗಳೆಲ್ಲ ಒಟ್ಟಿಗೆ ಬೊಗಳಲು ಶುರುಮಾಡಿದವು. ಅವಳು ಅತ್ತ ಒಮ್ಮೆ ನೋಡಿ, ಶಾರ್ಕಾನ್‌ಳ ಕೈ ಹಿಡಿದೆಳೆದು, ಕೀಲಿಯನ್ನು ಅದರಲ್ಲಿಟ್ಟು ಬೆರಳು ಮಡಚಿದಳು.

"ಹೋಗಿ. ನಿಂತ್ಕೋಬೇಡಿ ನನ್ನ ಮುಂದೆ."

ಚೈನಿನ ಯಂತ್ರ ಅವಸರಿಸುವುದಿಲ್ಲ. ಚಾಲಕನ ಸೀಟಿನ ಪಕ್ಕದಲ್ಲಿ ಮುದುಡಿ ನಿಂತಿದ್ದ ಶಾರ್ಕಾನ್‌ಗೆ ಆ ಗುಡ್ಡದ ಇಳಿಜಾರು ಮುಗಿಯುವುದೇ ಇಲ್ಲವೇನೋ ಎನಿಸಿತು. ಕೆನೆಶ್ ಜೀಪಿನ ಹಾರ್ನು ಒತ್ತುತ್ತ ಮುಂದೆ ದಾರಿ ಬಿಡಿಸಿಕೊಂಡು ಹೋಗುತ್ತಿದ್ದ. ಸೇತುವೆ ತಲುಪಿದಾಗ ಹೊಳೆಯ ಬಣ್ಣ ಬದಲಾಗಿತ್ತು; ಚಹಾದಂತಿದ್ದ ನೀರು ನೋಡನೋಡುತ್ತ ಕೆಸರಾಯಿತು. ಅವನು ದಂಡೆಯ ಮೇಲೆ ಯಂತ್ರ ನಿಲ್ಲಿಸಿ ಕೈ ಚಾಚಿದ. ಬಂಡೆಗಳನ್ನು ಒಂದೊಂದಾಗಿ ಕೆದಕಿ, ಎತ್ತಿ, ಆಚೆ ಎಸೆಯತೊಡಗಿದ. ಬಾಯಿ ಸ್ವಲ್ಪ ಸ್ವಲ್ಪವೇ ತೆರೆಯಿತು. ಕೆಳಗೆ ಇಳಿದು ದಂಡೆಯಲ್ಲಿ ನಿಂತಿದ್ದ ಶಾರ್ಕಾನ್ ಬೆಟ್ಟದ ಕಡೆ ಕಿವಿಯಿಟ್ಟಿದ್ದಳು.

ಆಗ ನೀರು ಇಳಿಯಿತು. ಇದ್ದಕ್ಕಿದ್ದಂತೆ ಹೊಳೆ ಬತ್ತಿದ ಹಾಗಾಗಿ, ಕಲ್ಲುಗಳ ನೆತ್ತಿ ಕಾಣತೊಡಗಿತು. ದಂಡೆಯಲ್ಲಿ ಸೇರಿದ್ದ ಊರಿನವರೆಲ್ಲ ಹಿಂದೆ ಸರಿದರು. ಮೇಲೆಲ್ಲೋ ಕಣಿವೆ ಕಟ್ಟಿಕೊಂಡಿದೆ, ಒಡೆದಾಗ ಎಲ್ಲ ಒಟ್ಟಿಗೆ ಬರುತ್ತದೆ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಸಾಕು, ಹಿಂದೆ ಬಾ," ಎಂದು ಶಾರ್ಕಾನ್ ಕೈಬೀಸಿದಳು.

ತೊಲೊಗೊನ್ ಕಿಟಕಿಯಿಂದ ಬಗ್ಗಿ ಸೇತುವೆಯ ಅಡಿ ನೋಡಿದ. ಎಲ್ಲಕ್ಕಿಂತ ದೊಡ್ಡ ಬಂಡೆ ಇನ್ನೂ ಅಲ್ಲೇ ಇತ್ತು. ದಂಡೆಯಿಂದ ಅದಕ್ಕೆ ಕೈ ಎಟುಕುತ್ತಿರಲಿಲ್ಲ.

"ಇದೊಂದು ಇದ್ರೆ ಮಾಡಿದ್ದೆಲ್ಲ ದಂಡ ಎಜೆ," ಎಂದವನೇ ಯಂತ್ರವನ್ನು ಹೊಳೆಯ ಒಡಲಿಗೇ ಇಳಿಸಿದ.

ಅವನನ್ನು ಕೂಗಿ ತಡೆಯಬೇಕಾಗಿತ್ತು. ಅದು ತನ್ನ ಕೆಲಸವೆಂದು ಅವಳಿಗೆ ಗೊತ್ತಿತ್ತು. ಅವಳು ಕೂಗಲಿಲ್ಲ. ಬಂಡೆಯ ಅಡಿಗೆ ಹಲ್ಲು ತೂರಿಸಿ ಯಂತ್ರ ತಿಣುಕುತ್ತಿದ್ದಾಗ, ಕಾಲಡಿಯ ನೆಲ ಮೆಲ್ಲಗೆ ನಡುಗತೊಡಗಿತು. ಬಂಡೆ ಅಲುಗಿತು, ಮಗುಚಿತು, ಸೇತುವೆ ದಾಟಿ ಉರುಳಿತು. ತೊಲೊಗೊನ್ ಯಂತ್ರವನ್ನು ಹಿಂದಕ್ಕೆ ತಿರುಗಿಸಿ ದಂಡೆ ಹತ್ತಿಸತೊಡಗಿದ. ಅದರ ಅರ್ಧ ಮೈ ಮೇಲೆ ಬಂದಿತ್ತು, ಅಷ್ಟರಲ್ಲಿ ತಿರುವಿನಲ್ಲಿ ಸೆಲ್ ಕಾಣಿಸಿತು. ಕಪ್ಪು ಗೋಡೆಯೊಂದು ಬೇರುಸಮೇತ ಮರಗಳನ್ನು ಹೊತ್ತುಕೊಂಡು ನಡೆದುಬಂದ ಹಾಗಿತ್ತು. ಅದರ ಅಂಚು ಯಂತ್ರದ ಹಿಂಬದಿಗೆ ಬಡಿದು, ಯಂತ್ರ ಒಮ್ಮೆ ಪಕ್ಕಕ್ಕೆ ಎಳೆದುಹೋಯಿತು. ತೊಲೊಗೊನ್ ಅದರ ಕೈಯನ್ನು ಮುಂದಕ್ಕೆ ಚಾಚಿ, ದಂಡೆಯ ಮಣ್ಣಿಗೆ ಹಲ್ಲು ಕಚ್ಚಿಸಿ, ತೆವಳಿಕೊಂಡು ಮೇಲೆ ಬಂದ. ಇಳಿದವನು ಚೈನಿಗೆ ಒರಗಿ ಕೂತುಬಿಟ್ಟ.

ಸೇತುವೆಯ ಒಂದು ಬದಿಯ ಕಟಾಂಜನ ಕಿತ್ತುಹೋಯಿತು, ಸೇತುವೆ ನಿಂತಿತು. ಬಂದದ್ದರಲ್ಲಿ ಹೆಚ್ಚಿನದು ಅದರ ಅಡಿಯಲ್ಲೇ ನುಗ್ಗಿ ಸರೋವರದ ಕಡೆ ಹೋಯಿತು. ಉಳಿದದ್ದು ಬಲದಂಡೆ ಹಾರಿ ಕೆಳಗಿನ ಬೀದಿಗೆ ಇಳಿದು, ಹೊಳೆಗೆ ಹತ್ತಿರವಿದ್ದ ಎರಡು ಮನೆಗಳಲ್ಲಿ ಕಿಟಕಿಯವರೆಗೆ ಕೆಸರು ತುಂಬಿತು. ತೋಟವೊಂದು ಗುರುತು ಸಿಗದಂತೆ ಮುಚ್ಚಿಹೋಯಿತು. ಕಟ್ಟು ಬಿಚ್ಚಲು ಮರೆತ ಹಸುವೊಂದು ಹೋಯಿತು. ಮನುಷ್ಯರಿಗೆ ಏನೂ ಆಗಲಿಲ್ಲ.

ಆಚೆ ದಂಡೆಯಲ್ಲಿ ಕಾರೊಂದು ಬಂದು ನಿಂತಿತ್ತು. ಜೂಮಕದಿರ್ ಕಾರಕೋಲ್‌ನಿಂದ ಮರಳಿದ್ದ. ಬಿಳಿ ಟೋಪಿಯನ್ನು ಕೈಯಲ್ಲಿ ಹಿಡಿದು, ಈಚೆಗಿದ್ದ ಯಂತ್ರವನ್ನೂ ಶಾರ್ಕಾನ್‌ಳನ್ನೂ ನೋಡುತ್ತಿದ್ದ. ನಡುವಿನ ಮೊರೆತದಲ್ಲಿ ಯಾರ ಮಾತೂ ಯಾರಿಗೂ ಕೇಳುವಂತಿರಲಿಲ್ಲ.

ಕೆಸರು ಒಣಗುವ ಮೊದಲೇ ತನಿಖೆಯವರು ಬಂದರು. ಶಾಲೆಯ ಸಭಾಂಗಣದಲ್ಲಿ ಊರೆಲ್ಲ ಸೇರಿತ್ತು. ಮೊದಲು ಜೂಮಕದಿರ್ ಎದ್ದು ಮಾತಾಡಿದ. ಹವೆ ಕೆಟ್ಟದ್ದನ್ನು ಕಂಡು ಯಂತ್ರವನ್ನು ಹೊಳೆಗೆ ಇಳಿಸಲು ನಾನೇ ಹೇಳಿ ಹೋಗಿದ್ದೆ, ಕಚೇರಿಯವರು ಡೀಸೆಲ್‌ಗೆ ಬೀಗ ಹಾಕಿದ್ದರಿಂದ ತಡವಾಯಿತು, ಆ ಎರಡು ಮನೆಗಳು ಹಾಳಾದದ್ದು ಆ ಬೀಗದಿಂದ ಎಂದ. ಅರ್ಧದಷ್ಟು ಜನ ನೆಲ ನೋಡುತ್ತಿದ್ದರು. ಉಪಮುಖ್ಯಸ್ಥ ಹೌದೆಂಬಂತೆ ತಲೆಯಾಡಿಸಿದ. ಹಾಗೆಯೇ ಬರೆದುಕೊಂಡು ಎದ್ದರೆ ಎಲ್ಲರಿಗೂ ಹಗುರವಾಗುತ್ತಿತ್ತು.

ಶಾರ್ಕಾನ್‌ಗೂ ಆಗುತ್ತಿತ್ತು. ಸುಮ್ಮನೆ ಕೂತರೆ ತನಗೊಂದು ಛೀಮಾರಿ, ಅಷ್ಟೇ. ಬೀಗನ ಮರ್ಯಾದೆ ಉಳಿಯುತ್ತದೆ, ಮಗಳ ಬಾಳು ತಣ್ಣಗಿರುತ್ತದೆ. ಅವಳು ಎದ್ದು ನಿಂತಾಗ ಪಕ್ಕದಲ್ಲಿದ್ದ ಕೆನೆಶ್ ಅವಳ ತೋಳು ಮುಟ್ಟಿದ. ತಡೆಯಲಿಕ್ಕೋ, ಧೈರ್ಯಕ್ಕೋ, ಅವಳಿಗೆ ತಿಳಿಯಲಿಲ್ಲ.

"ಬೀಗ ಹಾಕಿದ್ದು ನಾನು. ತಡವಾದದ್ದರಲ್ಲಿ ನನ್ನ ಪಾಲಿದೆ, ಬರ್ಕೊಳ್ಳಿ," ಎಂದಳು. "ಯಾಕೆ ಹಾಕಿದೆ ಅನ್ನೋದನ್ನೂ ಬರ್ಕೊಳ್ಳಿ. ಸರ್ಕಾರದ ಯಂತ್ರ, ಸರ್ಕಾರದ ಡೀಸೆಲ್ ಸುಟ್ಟು, ಗುಡ್ಡದ ಮೇಲೆ ಮೀನಿನ ಕೊಳ ತೋಡ್ತಿತ್ತು. ಊರೇ ನೋಡಿದೆ. ಅದನ್ನ ಇಳಿಸಿ ಅಂತ ಯಾರೂ ಹೇಳಿಹೋಗಿರಲಿಲ್ಲ. ಕೀಲಿ ಮನೆಯೊಳಗಿತ್ತು."

ಹಾಗಾದರೆ ಕೀಲಿ ಕೊಟ್ಟವರು ಯಾರು ಎಂದು ತನಿಖೆಯ ಹಿರಿಯ ಕೇಳಿದ. ಆ ಹೆಸರು ಹೇಳುವ ಹಕ್ಕು ತನಗಿಲ್ಲ ಎಂದು ಶಾರ್ಕಾನ್‌ಗೆ ಅನಿಸಿತು. ನಾನೇ ತೆಗೆದುಕೊಂಡೆ ಎಂದು ಹೇಳಲು ಹೊರಟ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಬೆಂಚು ಕಿರುಗುಟ್ಟಿತು.

"ನಾನು ಕೊಟ್ಟೆ," ಎಂದಳು ಉರ್ಕಿಯಾ. ಅಷ್ಟೇ ಹೇಳಿ, ತಲೆವಸ್ತ್ರ ಸರಿಮಾಡಿಕೊಂಡು ಕೂತಳು.

ಜೂಮಕದಿರ್ ತಿರುಗಿ ಹೆಂಡತಿಯನ್ನು ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ.

ಅವನ ಗುತ್ತಿಗೆ ರದ್ದಾಯಿತು. ಸುಟ್ಟ ಡೀಸೆಲಿನ ಬೆಲೆ ಕಟ್ಟಬೇಕೆಂದೂ ಆಯಿತು. ಶಾರ್ಕಾನ್‌ಗೂ ಲಿಖಿತ ಎಚ್ಚರಿಕೆ ಸಿಕ್ಕಿತು. ಸೆಲ್ ಇಳಿಯುವ ಕಾಲದಲ್ಲಿ ಯಂತ್ರವನ್ನು ಡೀಸೆಲ್ ಇಲ್ಲದೆ ನಿಲ್ಲಿಸಬಾರದಿತ್ತು ಎಂದು. ಅವಳು ಅದನ್ನು ಓದಿ, ಒಪ್ಪಿ, ಸಹಿ ಹಾಕಿದಳು. ಹೊರಗೆ ಬರುವಾಗ ಜೂಮಕದಿರ್ ಅವಳ ಪಕ್ಕದಲ್ಲೇ ಹಾದುಹೋಗುತ್ತ, ನಿಮ್ಮ ಮಗಳನ್ನು ಕರೆದುಕೊಂಡು ಹೋಗಿ ಎಂದ.

ಶಾರ್ಕಾನ್, ಕೆನೆಶ್ ಇಬ್ಬರೂ ಅಲ್ಲಿಂದಲೇ ಜೀಪು ಹತ್ತಿ ಗುಡ್ಡಕ್ಕೆ ಹೋದರು. ಆಗಲೇ ಮನೆಗೆ ಬಂದಿದ್ದ ಉರ್ಕಿಯಾ ಸೊಸೆಯ ಜೊತೆ ಅಂಗಳದಲ್ಲಿ ಒಗೆದ ಕಂಬಳಿ ಹಿಂಡುತ್ತಿದ್ದಳು. ಒಂದು ತುದಿ ಅತ್ತೆಯ ಕೈಯಲ್ಲಿ, ಇನ್ನೊಂದು ಸೊಸೆಯ ಕೈಯಲ್ಲಿ. ಶಾರ್ಕಾನ್ ಬಂದ ಕಾರಣ ಹೇಳಿದಳು.

"ನಾನ್ಯಾಕೆ ಬರ್ಲಿ?" ಎಂದಳು ಬೆಗಾಯಿಮ್.

"ಆ ಮನುಷ್ಯ ಕೋಪದಲ್ಲಿ ಆಡಿದ್ದನ್ನೆಲ್ಲ ಕಟ್ಕೊಂಡಿದ್ರೆ ನಾನು ಮದುವೆಯಾದ ವರ್ಷಾನೇ ತವರು ಸೇರ್ತಿದ್ದೆ," ಎಂದಳು ಉರ್ಕಿಯಾ. "ಬೀಗರೇ, ನಿಂತು ನೋಡ್ಬೇಡಿ, ಈ ಕಂಬಳಿ ನೀರು ಕುಡ್ಕೊಂಡು ಕಲ್ಲಾಗಿದೆ. ಒಂದು ಕೈ ಹಾಕಿ."

ಕೆನೆಶ್ ತೋಳು ಮಡಚಿಕೊಂಡು ಹೋದ.

ಹೊಳೆಯ ಕೆಲಸವನ್ನು ಬೇಸಿಗೆಯಲ್ಲಿ ಬೇರೊಬ್ಬ ಗುತ್ತಿಗೆದಾರ ವಹಿಸಿಕೊಂಡು, ಹಿಮ ಬೀಳುವ ಮೊದಲು ಎರಡೂ ಗೋಡೆ ಮುಗಿಸಿದ. ತೊಲೊಗೊನ್ ಅವನ ಕೈಕೆಳಗೆ ಸೇರಿದ. ಶಾರ್ಕಾನ್ ಹಟ ಹಿಡಿದು ಬರೆಸಿದ ಆ ಮಾತು ಈಗ ಜಿಲ್ಲೆಯ ಎಲ್ಲ ಕರಾರುಗಳಲ್ಲೂ ಇರುತ್ತದೆ. ಉಪಮುಖ್ಯಸ್ಥ ಅದನ್ನು ತನ್ನದೇ ಯೋಚನೆ ಎಂದು ಸಭೆಗಳಲ್ಲಿ ಹೇಳಿಕೊಳ್ಳುತ್ತಾನೆ. ಜೂಮಕದಿರ್ ತನ್ನ ದುಡ್ಡಿನಲ್ಲೇ ಬಾಡಿಗೆ ಯಂತ್ರ ತರಿಸಿ ಕೊಳ ತೋಡಿಸಿದ, ಮೀನೂ ಬಿಟ್ಟ. ದಾರಿಯಲ್ಲಿ ಸಿಕ್ಕರೆ ಅವನು ಕೆನೆಶ್‌ಗೆ ಕೈ ಕೊಟ್ಟು ಮಾತಾಡಿಸುತ್ತಾನೆ, ಶಾರ್ಕಾನ್ ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ನಡೆದುಕೊಳ್ಳುತ್ತಾನೆ. ಉರ್ಕಿಯಾ ಜೊತೆಗಿದ್ದರೆ ಮಾತ್ರ ಕಾರು ನಿಲ್ಲುತ್ತದೆ. ಅವಳು ಇಳಿದು ಬಂದು ಶಾರ್ಕಾನ್‌ಳ ಜೊತೆ ಬೇಕಾದಷ್ಟು ಹೊತ್ತು ಮಾತಾಡುತ್ತಾಳೆ. ಅವನು ಸ್ಟೇರಿಂಗಿನ ಮೇಲೆ ಬೆರಳು ಬಡಿಯುತ್ತ, ಸರೋವರದ ಕಡೆ ನೋಡಿಕೊಂಡು ಕಾಯುತ್ತಾನೆ.